ಒಂದೇ ಮಣ್ಣು, ಎರಡು ಹುಲ್ಲು: ಒಂದು ಹುಲ್ಲುಗಾವಲನ್ನು ಮರಳಿ ತರಲು ಹೋದ ಪ್ರಕರಣ

ಈ ಜಮೀನು ಎಲ್ಲಿದೆ, ಯಾರದ್ದು ಅನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ಹುಲ್ಲುಗಳ ಜಾತಿ ಹೆಸರನ್ನೂ ಬರೆದಿಲ್ಲ. ಹೆಸರು ಹೇಳಿದರೆ ಜಾಗವನ್ನೇ ಹೇಳಿದ ಹಾಗಾಗುತ್ತದೆ. ಕೆಲಸದ ಹೊತ್ತಿನಲ್ಲಿ ನಾವೇ ಇಟ್ಟುಕೊಂಡಿದ್ದ ಎರಡು ಹೆಸರು ಇಲ್ಲೂ ಸಾಕು. ಬುಡದಲ್ಲಿ ಬಿಗಿಯಾಗಿ ಗುತ್ತಿ ಕಟ್ಟಿಕೊಂಡು, ಒರಟು ಎಲೆ ಬಿಟ್ಟು, ವರ್ಷಗಟ್ಟಲೆ ಒಂದೇ ಕಡೆ ನಿಲ್ಲುವುದು ಗುತ್ತಿಹುಲ್ಲು. ನೆಲದ ಮೇಲೆ ಓಡಿ ಹಾಸಿನ ಹಾಗೆ ಹಬ್ಬಿ, ಬೇಗ ಬೆಳೆದು ಬೇಗ ಕೊಳೆಯುವ ಮೆತ್ತನೆ ಎಲೆಯದ್ದು ಹಾಸುಹುಲ್ಲು. ಇಡೀ ಪ್ರಕರಣ ಈ ಎರಡು ಹುಲ್ಲಿನ ನಡುವಿನದ್ದು.

ಜಾಗ ಮತ್ತು ಆಸೆ

ಏಳು ಎಕರೆ. ಒಂದು ಕಾಲದಲ್ಲಿ ಪೂರ್ತಿ ಹುಲ್ಲುಗಾವಲು. ಆಮೇಲೆ ಸುಮಾರು ಇಪ್ಪತ್ತು ವರ್ಷ ಅಲ್ಲಿ ಬೆಳೆ ತೆಗೆದರು. ವರ್ಷ ತಪ್ಪದೆ ಗೊಬ್ಬರ ಬಿದ್ದಿತ್ತು, ಚೀಲದ್ದೂ ಬಿದ್ದಿತ್ತು, ಕೊಟ್ಟಿಗೆಯದ್ದೂ ಬಿದ್ದಿತ್ತು. ಈಗಿನ ಒಡತಿಯ ಕೈಗೆ ಬಂದಾಗ ಬೇಸಾಯ ನಿಂತುಹೋಗಿತ್ತು. ಅವರಿಗೆ ಅಲ್ಲಿ ಬೆಳೆ ಬೇಕಿರಲಿಲ್ಲ. ಹಳೆಯ ಹುಲ್ಲುಗಾವಲು ಮತ್ತೆ ಬರಬೇಕು, ಅದರ ನಡುವೆ ಇರುತ್ತಿದ್ದ ಹೂಗಿಡಗಳು ಬರಬೇಕು, ನೆಲದಲ್ಲೇ ಗೂಡು ಮಾಡುವ ಹಕ್ಕಿಗಳು ಬರಬೇಕು. ಅಷ್ಟೇ ಆಸೆ.

ಅದೃಷ್ಟಕ್ಕೆ ಬೇಲಿಯಂಚಿನಲ್ಲಿ ನೇಗಿಲು ತಾಗದ ಒಂದು ಕಿರಿದಾದ ಪಟ್ಟಿ ಉಳಿದಿತ್ತು. ಅಲ್ಲಿ ಗುತ್ತಿಹುಲ್ಲು ಹಾಗೇ ಇತ್ತು, ಅದರ ಸಂದಿನಲ್ಲಿ ಹತ್ತಾರು ಬಗೆಯ ಸಣ್ಣ ಗಿಡಗಳೂ ಇದ್ದವು. ಒಡತಿ ಅಲ್ಲಿಂದಲೇ ಬೀಜ ಕೂಡಿಸಿ, ನೆಲ ಕೆದರಿ, ಇಡೀ ಜಾಗಕ್ಕೆ ಚೆಲ್ಲಿದರು. ಮೊದಲ ವರ್ಷ ಮೊಳಕೆ ಚೆನ್ನಾಗಿಯೇ ಬಂತು. ಎರಡನೇ ವರ್ಷ ಹಾಸುಹುಲ್ಲು ಮೊಣಕಾಲೆತ್ತರ ಬೆಳೆದು ಎಲ್ಲವನ್ನೂ ಮುಚ್ಚಿತು. ಇಳಿಜಾರಿನ ಒಂದು ಭಾಗದಲ್ಲಿ ಮಾತ್ರ ಗುತ್ತಿಹುಲ್ಲು ಗಟ್ಟಿಯಾಗಿ ಬೇರೂರಿತ್ತು. ಮಿಕ್ಕ ಕಡೆ ಹಾಸನ್ನು ಕೈಯಲ್ಲಿ ಸರಿಸಿ ನೋಡಿದರೆ ಕೆಳಗೆ ಬಿಳಿಚಿಕೊಂಡ ಸಣ್ಣ ಸಸಿಗಳು.

ಆಗ ಅವರಿಗೆ ಸಿಕ್ಕ ಸಲಹೆ: "ಮಣ್ಣು ಸೋತಿದೆ, ಗೊಬ್ಬರ ಹಾಕಿ, ಎಲ್ಲಾ ಸರಿಹೋಗುತ್ತೆ." ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬೆಳೆ ತೆಗೆದವರ ಅನುಭವ ಹಾಗೇ ಇರುತ್ತದೆ, ಗಿಡ ಸೊರಗಿದರೆ ಮಣ್ಣಿಗೆ ಹಸಿವು ಅಂತ ಲೆಕ್ಕ. ಮೇಲಿನ ಅರ್ಧಕ್ಕೆ ಕೊಟ್ಟಿಗೆ ಗೊಬ್ಬರ ಹರಡಿದರು. ಹಾಸುಹುಲ್ಲು ಇನ್ನೂ ದಟ್ಟವಾಯಿತು, ಸಸಿಗಳು ಇನ್ನೂ ಕಮ್ಮಿಯಾದವು. ನಾನು ಆ ಜಾಗ ನೋಡಿದ್ದು ಇಷ್ಟೆಲ್ಲ ಆದ ಮೇಲೆ, ಬಿತ್ತಿದ ಮೂರನೇ ವರ್ಷ.

ಪರೀಕ್ಷೆಯ ಚೀಟಿ ಹೇಳಿದ್ದು, ಹೇಳದೇ ಬಿಟ್ಟದ್ದು

ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿದೆವು. ಗೊಬ್ಬರ ಬೀಳದ ಕೆಳಭಾಗದಲ್ಲಿ ಎರಡು ಕಡೆಯಿಂದ ಮಣ್ಣು ತೆಗೆದೆವು. ಒಂದು, ಗುತ್ತಿಹುಲ್ಲು ಬೇರೂರಿದ್ದ ಇಳಿಜಾರು. ಇನ್ನೊಂದು, ಅದರ ಪಕ್ಕದಲ್ಲೇ ಹಾಸುಹುಲ್ಲು ಗೆದ್ದಿದ್ದ ಜಾಗ. ಎರಡಕ್ಕೂ ನಡುವೆ ಐವತ್ತು ಹೆಜ್ಜೆಯೂ ಇಲ್ಲ. ಚೀಟಿ ಬಂದಾಗ ಎರಡೂ ಹೆಚ್ಚುಕಮ್ಮಿ ಒಂದೇ. ಒಟ್ಟು ಸಾರಜನಕ ಒಂದೇ. ರಂಜಕ ಎರಡರಲ್ಲೂ ಧಾರಾಳ. ಹುಳಿ ಕ್ಷಾರದ ಅಳತೆಯೂ ಒಂದೇ.

ಒಡತಿ ಚೀಟಿ ನೋಡಿ ಕೇಳಿದ್ದು ನ್ಯಾಯವಾದ ಪ್ರಶ್ನೆ: "ಮಣ್ಣು ಒಂದೇ ಅಂದಮೇಲೆ ಹುಲ್ಲು ಯಾಕೆ ಬೇರೆ?"

ನಾನು ಅದನ್ನು ತಿರುಗಿಸಿ ಕೇಳಿಕೊಳ್ಳಬೇಕಾಯಿತು. ಹುಲ್ಲು ಬೇರೆ ಇರುವುದರಿಂದ ಮಣ್ಣು ನಡೆದುಕೊಳ್ಳುವ ರೀತಿಯೇ ಬೇರೆಯಾಗಿದೆಯಾ? ಮೇಲ್ಮಣ್ಣಿನಲ್ಲಿರುವ ಸಾರಜನಕದಲ್ಲಿ 90 ಪ್ರತಿಶತಕ್ಕಿಂತ ಜಾಸ್ತಿ ಇರುವುದು ಸತ್ತ ಬೇರು, ಕೊಳೆತ ಎಲೆ, ಸೂಕ್ಷ್ಮಜೀವಿಗಳ ಮೈಯಲ್ಲಿ. ಆ ರೂಪದಲ್ಲಿ ಅದರ ಬಹುಪಾಲು ಬೇರಿಗೆ ಸಿಗುವುದಿಲ್ಲ. ಕೊಳೆತು, ಅಮೋನಿಯಂ ಅಥವಾ ನೈಟ್ರೇಟ್ ಆಗಿ ಹೊರಬಂದರೆ ಬೇರು ಸಲೀಸಾಗಿ ಹೀರಿಕೊಳ್ಳುತ್ತದೆ. ಒಟ್ಟು ಎಷ್ಟಿದೆ ಅನ್ನುವುದು ಚೀಟಿಯಲ್ಲಿರುತ್ತದೆ. ತಿಂಗಳಿಗೆ ಎಷ್ಟು ಹೊರಬರುತ್ತಿದೆ ಅನ್ನುವುದು ಅದರಲ್ಲಿ ಇರುವುದಿಲ್ಲ.

ಅದನ್ನು ಅಳೆಯಲು ಒಂದು ಹಳೆಯ, ಸರಳ ವಿಧಾನ ಇದೆ. ಕೊಳವೆಯಿಂದ ಮಣ್ಣು ತೆಗೆದು ಎರಡು ಪಾಲು ಮಾಡುವುದು. ಒಂದು ಪಾಲನ್ನು ಅವತ್ತೇ ಲ್ಯಾಬಿಗೆ ಕಳಿಸುವುದು. ಇನ್ನೊಂದನ್ನು ತೆಳು ಪಾಲಿಥೀನ್ ಚೀಲದಲ್ಲಿ ಕಟ್ಟಿ ಅದೇ ಗುಂಡಿಯಲ್ಲಿ ಹೂತು, ಒಂದು ತಿಂಗಳು ಬಿಟ್ಟು ತೆಗೆಯುವುದು. ಚೀಲದೊಳಗೆ ಗಾಳಿ ಆಡುತ್ತದೆ, ನೀರು ಒಳಹೊರಗೆ ಹೋಗುವುದಿಲ್ಲ, ಹೀರಲು ಜೀವಂತ ಬೇರೂ ಇಲ್ಲ. ಹಾಗಾಗಿ ತಿಂಗಳಲ್ಲಿ ಹೊರಬಂದ ಸಾರಜನಕ ಅಲ್ಲೇ ಕೂಡಿರುತ್ತದೆ. ನಾವು ಒಂದೊಂದು ಕಡೆ ಆರು ಚೀಲ ಹೂತೆವು.

ತೆಗೆದ ದಿನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ಕಂದು ಮಣ್ಣು, ಅದೇ ವಾಸನೆ. ಲ್ಯಾಬಿನ ಲೆಕ್ಕ ಬಂದಾಗ ಹಾಸುಹುಲ್ಲಿನ ಕಡೆಯ ಚೀಲಗಳಲ್ಲಿ ಸಾರಜನಕ ಹಲವು ಪಟ್ಟು ಜಾಸ್ತಿ ಹೊರಬಂದಿತ್ತು. ಗುತ್ತಿಹುಲ್ಲಿನ ಕಡೆಯ ಎರಡು ಚೀಲಗಳಲ್ಲಂತೂ ಹೂತಾಗ ಇದ್ದದ್ದಕ್ಕಿಂತ ಕಮ್ಮಿ ಇತ್ತು. ಅಂದರೆ ಆ ಮಣ್ಣಿನ ಸೂಕ್ಷ್ಮಜೀವಿಗಳು ಇದ್ದ ಸಾರಜನಕವನ್ನೂ ತಮ್ಮ ಮೈಗೆ ಸೇರಿಸಿಕೊಂಡಿದ್ದವು.

ನನಗೆ ಇದು ಹೊಸದಾಗಿ ಕಾಣಬಾರದಿತ್ತು. ಅಮೆರಿಕದ ಮಿನೆಸೋಟಾದಲ್ಲಿರುವ ಸೀಡರ್ ಕ್ರೀಕ್‌ನಲ್ಲಿ ಡೇವಿಡ್ ವೆಡಿನ್ ಮತ್ತು ಡೇವಿಡ್ ಟಿಲ್ಮನ್ ಇದನ್ನೇ ಮಾಡಿ ತೋರಿಸಿದ್ದಾರೆ. ಒಂದೇ ಥರದ ಮಣ್ಣಿನಲ್ಲಿ ಐದು ಬಗೆಯ ಬಹುವಾರ್ಷಿಕ ಹುಲ್ಲನ್ನು ಬೇರೆ ಬೇರೆ ಮಡಿಗಳಲ್ಲಿ ಬೆಳೆಸಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಸಾರಜನಕ ಹೊರಬರುವ ವೇಗದಲ್ಲಿ ಮಡಿಯಿಂದ ಮಡಿಗೆ 10 ಪಟ್ಟಿನವರೆಗೂ ವ್ಯತ್ಯಾಸ ಬಂದಿತ್ತು. ಅದನ್ನು ಅವರು 1990ರಲ್ಲಿ ಪ್ರಕಟಿಸಿದರು. ಬರೇ ಮೂರು ವರ್ಷ! ಮಣ್ಣು ಬದಲಾಗಲು ತಲೆಮಾರುಗಳೇ ಬೇಕು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಓದಿದ್ದು ಬೇರೆ, ನಾವೇ ಹೂತ ಚೀಲದಲ್ಲಿ ಅದನ್ನು ನೋಡುವುದು ಬೇರೆ.

ಕಾರಣ ಎಲೆ ಮತ್ತು ಬೇರಿನ ಗುಣದಲ್ಲಿದೆ. ಸೂಕ್ಷ್ಮಜೀವಿಗಳ ಮೈಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 8 ಪಾಲು ಇಂಗಾಲ ಇರುತ್ತದೆ. ತಿಂದ ಇಂಗಾಲದಲ್ಲಿ ಒಂದು ದೊಡ್ಡ ಪಾಲನ್ನು ಅವು ಉಸಿರಾಡಿ ಕಳೆಯುತ್ತವೆ. ಅದಕ್ಕೇ ಸುಮಾರು 25 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುವ ಕಸ ಅವಕ್ಕೆ ಸರಿಸುಮಾರು ಸಾಕಾಗುತ್ತದೆ. ಅದಕ್ಕಿಂತ ಸಾರಜನಕ ಜಾಸ್ತಿ ಇದ್ದರೆ ಮಿಕ್ಕಿದ್ದು ಮಣ್ಣಿಗೆ ಬಿಡುಗಡೆಯಾಗುತ್ತದೆ. ಕಮ್ಮಿ ಇದ್ದರೆ ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಹಾಸುಹುಲ್ಲಿನ ಮೆತ್ತನೆ ಎಲೆ ಬೇಗ ಕೊಳೆತು ಸಾರಜನಕ ಬಿಡುತ್ತದೆ, ಅದನ್ನು ಹಾಸುಹುಲ್ಲೇ ಮೊದಲು ಹೀರಿ ಇನ್ನಷ್ಟು ಮೆತ್ತನೆ ಎಲೆ ಮಾಡುತ್ತದೆ. ಗುತ್ತಿಹುಲ್ಲಿನ ಒರಟು ಎಲೆ, ನಾರಿನಂಥ ಬೇರು ನಿಧಾನ ಕೊಳೆಯುತ್ತದೆ. ಸೂಕ್ಷ್ಮಜೀವಿಗಳು ಹಸಿದೇ ಇರುತ್ತವೆ, ಮಣ್ಣಿನಲ್ಲಿ ಬಿಡಿ ಸಾರಜನಕ ಉಳಿಯುವುದಿಲ್ಲ. ಆ ಕೊರತೆಯಲ್ಲಿ ಬದುಕಲು ಗುತ್ತಿಹುಲ್ಲಿಗೆ ಗೊತ್ತು, ಹಾಸುಹುಲ್ಲಿಗೆ ಗೊತ್ತಿಲ್ಲ. ಎರಡೂ ತಮಗೆ ಬೇಕಾದ ಮಣ್ಣನ್ನು ತಾವೇ ಮಾಡಿಕೊಳ್ಳುತ್ತವೆ.

ಈ ತಿಳಿವಳಿಕೆಯಿಂದ ಸಮಸ್ಯೆಯ ರೂಪವೇ ಬದಲಾಯಿತು. ಗೊಬ್ಬರ ಹಾಕುವುದನ್ನು ನಿಲ್ಲಿಸಿದರೆ ಸಾಕು, ನೆಲ ತಾನಾಗಿ ಹಳೆಯ ಸ್ಥಿತಿಗೆ ಬರುತ್ತದೆ ಅಂತ ಒಡತಿ ನಂಬಿದ್ದರು. ಹಾಗೆ ಆಗಬೇಕೆಂದಿಲ್ಲ. ಸೀಡರ್ ಕ್ರೀಕ್‌ನಲ್ಲೇ ಜಾಸ್ತಿ ಗೊಬ್ಬರ ಹಾಕಿದ್ದ ಮಡಿಗಳಲ್ಲಿ, ಗೊಬ್ಬರ ನಿಲ್ಲಿಸಿ 20 ವರ್ಷವಾದ ಮೇಲೂ ಕಳೆದುಹೋದ ಗಿಡಗಳ ವೈವಿಧ್ಯ ಮರಳಿರಲಿಲ್ಲ ಅಂತ 2013ರಲ್ಲಿ ವರದಿಯಾಗಿದೆ. ಒಮ್ಮೆ ತಿರುಗಲು ಶುರುವಾದ ಚಕ್ರ ತನ್ನನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಅದನ್ನು ಎಲ್ಲಾದರೂ ಒಂದು ಕಡೆ ತಡೆಯಬೇಕಿತ್ತು.

ಮೊದಲ ಪ್ರಯತ್ನ, ನನ್ನ ತಪ್ಪು

ಒಡತಿ ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಹುಲ್ಲು ಕೊಯ್ದು ಅಲ್ಲೇ ಬಿಡುತ್ತಿದ್ದರು. ಕೊಯ್ದದ್ದು ನೆಲಕ್ಕೇ ಸೇರಿದರೆ ಒಂದು ಕಣವೂ ಹೊರಗೆ ಹೋಗುವುದಿಲ್ಲ. ಅದಕ್ಕೇ ನಾನು ಹೇಳಿದ್ದು: ಕೊಯ್ದು ಹೊರಗೆ ಸಾಗಿಸಿ. ಎಳೆ ಹುಲ್ಲಿನ ಒಣತೂಕದಲ್ಲಿ ಸುಮಾರು 2 ಪ್ರತಿಶತ ಸಾರಜನಕ ಇರುತ್ತದೆ. ಒಂದು ಟನ್ ಒಣಹುಲ್ಲು ಹೊರಗೆ ಹೋದರೆ 20 ಕಿಲೋದಷ್ಟು ಸಾರಜನಕ, 2ರಿಂದ 3 ಕಿಲೋ ರಂಜಕ ಹೋದ ಹಾಗೆ. ಕೊಯ್ದದ್ದನ್ನು ಬೇರೆಯವರ ದನಗಳಿಗೆ ಮೇವಾಗಿ ಕೊಡಲು ಏರ್ಪಾಡಾಯಿತು.

ಬೆಂಕಿ ಹಾಕುವ ಮಾತೂ ಬಂತು. ಬೆಂಕಿಯಲ್ಲಿ ಎಲೆಯ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ, ರಂಜಕ ಮತ್ತು ಪೊಟ್ಯಾಷ್ ಹೆಚ್ಚಾಗಿ ಬೂದಿಯಲ್ಲೇ ಉಳಿಯುತ್ತವೆ. ಸಾರಜನಕ ಇಳಿಸಲು ಅದೂ ಒಂದು ದಾರಿ. ಆದರೆ ನೆಲದಲ್ಲಿ ಗೂಡು ಮಾಡುವ ಒಂದು ಜೋಡಿ ಹಕ್ಕಿ ಆಗಲೇ ಬಂದಿತ್ತು. ಒಡತಿ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಕೊಯ್ಲಿನ ದಿನವನ್ನು ನಾನೇ ಗೊತ್ತು ಮಾಡಿದೆ. ಬೆಳೆಯುವ ಕಾಲದ ನಟ್ಟನಡುವೆ, ಹುಲ್ಲು ತುಂಬಿ ನಿಂತಾಗ, ಏಳೂ ಎಕರೆ ಒಂದೇ ಸಲಕ್ಕೆ. ಆದಷ್ಟು ಜಾಸ್ತಿ ಸಾರ ಹೊರಗೆ ಹೋಗಲಿ ಅನ್ನುವುದು ಲೆಕ್ಕ. ಆ ಲೆಕ್ಕದಲ್ಲಿ ಹುಲ್ಲು ಅಂದರೆ ಸುಮ್ನೆ ತೂಕ ಆಗಿತ್ತು. ಯಾವ ಹುಲ್ಲಿನ ಸಾರ ಯಾವಾಗ ಎಲ್ಲಿರುತ್ತದೆ ಅಂತ ನಾನು ಯೋಚಿಸಲಿಲ್ಲ.

ಮುಂದಿನ ವರ್ಷ ಹಾಸುಹುಲ್ಲು ಸ್ವಲ್ಪ ಗಿಡ್ಡವಾಗಿ ಬಂತು. ಅದು ಸರಿ. ಆದರೆ ಇಳಿಜಾರಿನ ಗುತ್ತಿಹುಲ್ಲೂ ಸೊರಗಿತು. ಒಂದೊಂದು ಗುತ್ತಿಯ ನಡು ಖಾಲಿಯಾಗಿತ್ತು, ಹೂದಂಟು ಕಮ್ಮಿ. ನಾವು ಉಳಿಸಲು ಹೊರಟಿದ್ದನ್ನೇ ನಾವು ಬಡವಾಗಿಸಿದ್ದೆವು.

ಅದನ್ನು ತೋರಿಸಿಕೊಟ್ಟಿದ್ದು ಒಂದು ಆಕಸ್ಮಿಕ. ಕೊಯ್ಲಿನ ದಿನ ಮಳೆ ಬಂದು ಇಳಿಜಾರಿನ ಕೊನೆಯ ಪಟ್ಟೆ ಉಳಿದುಹೋಗಿತ್ತು. ಆಮೇಲೆ ಯಾರಿಗೂ ಬಿಡುವಾಗಿರಲಿಲ್ಲ. ಕಾಲ ಮುಗಿದು, ಹುಲ್ಲು ಪೂರ್ತಿ ಒಣಗಿ ಕೆಂಪಗಾದ ಮೇಲೆ ಅದನ್ನು ಕೊಯ್ದಿದ್ದರು. ಮುಂದಿನ ವರ್ಷ ಆ ಪಟ್ಟೆ ದೂರದಿಂದಲೇ ಗೊತ್ತಾಗುತ್ತಿತ್ತು. ಗುತ್ತಿಗಳು ತುಂಬಿಕೊಂಡಿದ್ದವು. ಗೆರೆ ಎಳೆದ ಹಾಗೆ ಈ ಕಡೆ ಸೊರಗಿದ್ದು, ಆ ಕಡೆ ಗಟ್ಟಿ.

ಒಂದು ಗುತ್ತಿಯ ಒಳಗೆ

ಆ ಪಟ್ಟೆಯ ಒಂದು ಗುತ್ತಿಯನ್ನು ನಾವು ಅಗೆದು ತೆಗೆದೆವು. ಕಾಲ ಮುಗಿಯುತ್ತಾ ಬಂದಿದ್ದ ಹೊತ್ತು. ಮೊದಲು ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದೆ. ತುದಿ ಒಣಗಿ ಹುಲ್ಲಿನ ಬಣ್ಣವಾಗಿತ್ತು. ಅದರ ಕೆಳಗೆ ಒಂದು ಬೆರಳಗಲ ಹಳದಿ. ಅದರ ಕೆಳಗೆ ಇನ್ನೂ ಹಸಿರು. ಬಣ್ಣ ತುದಿಯಿಂದ ಬುಡಕ್ಕೆ ಇಳಿಯುತ್ತಿತ್ತು. ಗುತ್ತಿಯನ್ನು ಎರಡು ಕೈಯಲ್ಲಿ ಹಿಡಿದು ಸೀಳಿದರೆ ಒಳಗೆ ಒಣ ಪದರಗಳ ನಡುವೆ ದಪ್ಪನೆಯ, ಬಿಳಿ, ತೇವದ ಬುಡಗಳು. ಒಂದೊಂದರ ಪಕ್ಕದಲ್ಲೂ ಅಕ್ಕಿಕಾಳಿನಷ್ಟು ಮೊಗ್ಗು. ಮುಂದಿನ ವರ್ಷದ ಹುಲ್ಲು ಆಗಲೇ ಅಲ್ಲಿ ಕೂತಿತ್ತು. ಕೆಳಗೆ ಬೇರಿನ ಮುದ್ದೆ, ಮೇಲಿನ ಹುಲ್ಲಿಗಿಂತ ಭಾರ. ಬಹಳಷ್ಟು ಹುಲ್ಲುಗಾವಲುಗಳಲ್ಲಿ ಗಿಡದ ಮೈಯ ದೊಡ್ಡ ಪಾಲು ಇರುವುದೇ ನೆಲದ ಕೆಳಗೆ.

ಎಲೆ ಒಣಗುವುದು ಬರೀ ಸಾಯುವುದಲ್ಲ. ಒಣಗುವ ಮೊದಲು ಗಿಡ ಎಲೆಯಲ್ಲಿರುವ ಪ್ರೋಟೀನನ್ನು ಬಿಡಿಸಿ, ಸಾರಜನಕವನ್ನೂ ರಂಜಕವನ್ನೂ ಬುಡಕ್ಕೆ, ಬೇರಿಗೆ ಇಳಿಸಿಕೊಳ್ಳುತ್ತದೆ. ಬೇರೆ ಬೇರೆ ಗಿಡಗಳ ಅಳತೆ ಒಟ್ಟಿಗಿಟ್ಟು ನೋಡಿದರೆ, ಸರಾಸರಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಸಾರಜನಕ, ರಂಜಕ ಹೀಗೆ ವಾಪಸ್ ಹೋಗುತ್ತದೆ. ಕ್ಯಾಲ್ಸಿಯಂ ಮಾತ್ರ ಹಾಗೆ ಇಳಿಯುವುದಿಲ್ಲ, ಎಲೆಯಲ್ಲೇ ಉಳಿಯುತ್ತದೆ. ಗುತ್ತಿಹುಲ್ಲಿನ ಹಸಿರೆಲೆ ಮತ್ತು ಒಣ ಎಲೆಯನ್ನು ಲ್ಯಾಬಿಗೆ ಕಳಿಸಿದಾಗ ನಮ್ಮಲ್ಲೂ ಅದೇ ಕಂಡಿತು. ಒಣ ಎಲೆಯಲ್ಲಿದ್ದ ಸಾರಜನಕ ಹಸಿರೆಲೆಯಲ್ಲಿದ್ದದ್ದರ ಅರ್ಧವೂ ಇರಲಿಲ್ಲ.

ಈಗ ನನ್ನ ತಪ್ಪು ಎಷ್ಟು ದೊಡ್ಡದು ಅಂತ ಅರ್ಥವಾಯಿತು. ಗುತ್ತಿಹುಲ್ಲು ಮಣ್ಣನ್ನು ನಂಬಿ ಬದುಕುವುದಿಲ್ಲ. ತನ್ನ ಉಳಿತಾಯವನ್ನು ನಂಬಿ ಬದುಕುತ್ತದೆ. ಈ ವರ್ಷದ ಎಲೆಯ ಸಾರವೇ ಮುಂದಿನ ವರ್ಷದ ಎಲೆಗೆ ಬಂಡವಾಳ. ನಡುಗಾಲದಲ್ಲಿ ಹಸಿರಿರುವಾಗಲೇ ಕೊಯ್ದು ಸಾಗಿಸಿದರೆ, ಬುಡಕ್ಕೆ ಇಳಿಸುವ ಮೊದಲೇ ಆ ಬಂಡವಾಳ ಗಾಡಿ ಹತ್ತಿ ಹೋಯಿತು. ಅದೇ ಹುಲ್ಲನ್ನು ಒಣಗಿದ ಮೇಲೆ ಕೊಯ್ದರೆ ನಾವು ಒಯ್ಯುವುದು ಹೆಚ್ಚಾಗಿ ನಾರು. ಹಾಸುಹುಲ್ಲಿನ ಬಾಳು ಇನ್ನೊಂದು ಥರ. ಅದು ಉಳಿಸುವುದಕ್ಕಿಂತ ಬೇಗ ಬೇಗ ಹೀರಿ ಬೇಗ ಬೇಗ ಚೆಲ್ಲುತ್ತದೆ. ಅದನ್ನು ಹಸಿರಿರುವಾಗ ಕೊಯ್ದರೇ ಲಾಭ.

ಹಾಗಾದರೆ ಎರಡೂ ಬೆರೆತು ನಿಂತ ಕಡೆ ಏನು ಮಾಡುವುದು? ಇಲ್ಲಿ ಒಡತಿಯ ಕಣ್ಣು ಕೆಲಸಕ್ಕೆ ಬಂತು. ಅವರು ಎರಡು ವರ್ಷದಿಂದ ನೋಡಿ ಬರೆದಿಟ್ಟಿದ್ದರು: ಹಾಸುಹುಲ್ಲು ಕಾಲದ ಶುರುವಿನಲ್ಲೇ ಏಳುತ್ತದೆ, ಗುತ್ತಿಹುಲ್ಲು ಮೂರ್ನಾಲ್ಕು ವಾರ ತಡ. ಆ ಮೂರ್ನಾಲ್ಕು ವಾರವೇ ನಮಗೆ ಬೇಕಿದ್ದ ಸಂದು. ಹಾಸುಹುಲ್ಲು ಹೂ ಬಿಡಲು ತಯಾರಾಗಿ ಅದರ ಸಾರವೆಲ್ಲ ಮೇಲಿರುವಾಗ, ಗುತ್ತಿಹುಲ್ಲು ಇನ್ನೂ ಬುಡದಲ್ಲೇ ಇರುತ್ತದೆ. ಆಗ ಒಂದು ಕೊಯ್ಲು. ಆಮೇಲೆ ಗುತ್ತಿಹುಲ್ಲನ್ನು ಮುಟ್ಟುವ ಹಾಗಿಲ್ಲ. ಅದು ಪೂರ್ತಿ ಒಣಗಿದ ಮೇಲೆ ಎರಡನೇ ಕೊಯ್ಲು.

ನಾಲ್ಕು ಮತ್ತು ಐದನೇ ವರ್ಷ

ಎರಡು ಕೊಯ್ಲಿನ ಪದ್ಧತಿ ಹಿಡಿದ ಮೊದಲ ವರ್ಷವೇ ಸಣ್ಣ ಎಡವಟ್ಟಾಯಿತು. ಕೊಯ್ದ ಹಾಸುಹುಲ್ಲನ್ನು ಸಾಲಾಗಿ ಒಟ್ಟಿ ಒಣಗಲು ಬಿಟ್ಟಿದ್ದರು. ಎರಡು ವಾರ ಬಿಟ್ಟುಬಿಟ್ಟು ಮಳೆ. ಒಣ ಎಲೆಯ ಪೊಟ್ಯಾಷ್ ಯಾವುದಕ್ಕೂ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಮಳೆನೀರಿನಲ್ಲಿ ಸಲೀಸಾಗಿ ತೊಳೆದುಹೋಗುತ್ತದೆ. ಹುಲ್ಲು ಎತ್ತಿದ ಮೇಲೆ ಆ ಸಾಲುಗಳು ಇದ್ದ ಕಡೆಯೆಲ್ಲ ಕಡುಹಸಿರು ಗೆರೆ. ಅಂದಿನಿಂದ ಕೊಯ್ದ ಎರಡು ಮೂರು ದಿನದಲ್ಲೇ ಎತ್ತುವುದು ನಿಯಮವಾಯಿತು.

ಗೊಬ್ಬರ ಹರಡಿದ್ದ ಮೇಲಿನ ಅರ್ಧದಲ್ಲಿ ಕೊಯ್ಲು ಮಾತ್ರ ಸಾಕಾಗಲಿಲ್ಲ. ಅಲ್ಲಿ ಗುತ್ತಿಹುಲ್ಲೇ ಇರಲಿಲ್ಲ, ಉಳಿಸುವುದು ಏನನ್ನು? ಹೊಸದಾಗಿ ಬಿತ್ತಿದರೆ ಹಾಸುಹುಲ್ಲು ನುಂಗುತ್ತದೆ. ನಾಲ್ಕು ಸಣ್ಣ ಚೌಕಗಳಲ್ಲಿ ಮರದ ಹೊಟ್ಟು ಮತ್ತು ಸಕ್ಕರೆ ಬೆರೆಸಿ ನೋಡಿದೆವು. ಕೇಳಿದರೆ ವಿಚಿತ್ರ ಅನಿಸುತ್ತದೆ, ಆದರೆ ಇದು ಗೊಬ್ಬರ ಹಾಕುವುದರ ನೇರ ಉಲ್ಟಾ ಕೆಲಸ. ಸಕ್ಕರೆಯಲ್ಲಿ ಸಾರಜನಕ ಇಲ್ಲವೇ ಇಲ್ಲ. ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ. ಸೂಕ್ಷ್ಮಜೀವಿಗಳಿಗೆ ಊಟ ಸಿಕ್ಕಿತು, ಸಾರಜನಕ ಸಿಗಲಿಲ್ಲ, ಮಣ್ಣಿನಲ್ಲಿದ್ದದ್ದನ್ನು ಎಳೆದುಕೊಂಡವು. ಕೆಲವೇ ವಾರದಲ್ಲಿ ಆ ಚೌಕಗಳ ಹಾಸುಹುಲ್ಲು ತಿಳಿಹಳದಿಯಾಯಿತು. ಬಿತ್ತಿದ್ದ ಗುತ್ತಿಹುಲ್ಲಿನ ಸಸಿಗಳಿಗೆ ಬೆಳಕು ಸಿಕ್ಕಿತು.

ಈ ಉಪಾಯವನ್ನು ಇಡೀ ಜಾಗಕ್ಕೆ ಮಾಡಿ ಅಂತ ನಾನು ಹೇಳಲಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಸಕ್ಕರೆ ಬೇಗ ಮುಗಿಯುತ್ತದೆ. ಹೊಟ್ಟು ನಿಧಾನ ಕರಗುತ್ತದೆ. ಇಂಗಾಲ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಸತ್ತು, ಹಿಡಿದಿಟ್ಟಿದ್ದ ಸಾರಜನಕವನ್ನು ಬಿಡುತ್ತವೆ. ಸಾರ ಮಣ್ಣಿನಿಂದ ಹೊರಗೆ ಹೋಗಿರುವುದಿಲ್ಲ, ಸ್ವಲ್ಪ ಕಾಲ ಬೀಗದೊಳಗೆ ಇರುತ್ತದೆ ಅಷ್ಟೇ. ಆ ಕಾಲದೊಳಗೆ ಗುತ್ತಿಹುಲ್ಲು ಬೇರೂರಿದರೆ ಮುಂದೆ ಬೀಗ ಹಾಕುವ ಕೆಲಸ ಅದರದ್ದು. ನಾಲ್ಕರಲ್ಲಿ ಮೂರು ಚೌಕಗಳಲ್ಲಿ ಹಾಗೇ ಆಯಿತು. ಅಲ್ಲಿಂದ ಗುತ್ತಿಗಳು ಸುತ್ತಲೂ ಬೀಜ ಚೆಲ್ಲಿ ಹರಡುತ್ತಿವೆ. ಒಂದು ಚೌಕದಲ್ಲಿ ಸಸಿ ಹಿಡಿಯಲೇ ಇಲ್ಲ. ಎರಡನೇ ವರ್ಷಕ್ಕೆ ಹಾಸುಹುಲ್ಲು ಮತ್ತೆ ಮುಚ್ಚಿಕೊಂಡಿತು.

ಐದನೇ ವರ್ಷ ನಾವು ನಿರೀಕ್ಷೆ ಮಾಡಿರದ ಒಂದು ಬೆಳವಣಿಗೆ. ಕೆಳಭಾಗದ ಒಂದು ಮೂಲೆಯಲ್ಲಿ ದ್ವಿದಳ ಗಿಡಗಳು ರಾಶಿಯಾಗಿ ಎದ್ದವು. ಹೂ ನೋಡಿ ಒಡತಿಗೆ ಖುಷಿಯಾಯಿತು. ನನಗೆ ಸ್ವಲ್ಪ ಆತಂಕವಾಯಿತು. ಕೊಯ್ದು ಕೊಯ್ದು ಸಾರಜನಕ ಇಳಿದಿತ್ತು, ರಂಜಕ ಇಳಿದಿರಲಿಲ್ಲ. ವರ್ಷಕ್ಕೆ ಕೆಲವೇ ಕಿಲೋ ಹೊರಗೆ ಹೋದರೆ ಇಪ್ಪತ್ತು ವರ್ಷ ಕೂಡಿಟ್ಟ ರಂಜಕ ಎಲ್ಲಿ ಕರಗುತ್ತದೆ? ಸಾರಜನಕ ಕಮ್ಮಿ, ರಂಜಕ ಧಾರಾಳ. ದ್ವಿದಳ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕ ಹಿಡಿದು ಕೊಡುತ್ತವೆ. ಆ ಗಿಡದ ಎಲೆ, ಬೇರು ಸತ್ತು ಕೊಳೆತಾಗ ಅದು ಮಣ್ಣಿಗೆ ಬರುತ್ತದೆ, ಅದರ ಹಿಂದೆ ಹಾಸುಹುಲ್ಲೂ ಬರುತ್ತದೆ. ನಾವು ಮುಂಬಾಗಿಲಿನಿಂದ ಕಳಿಸಿದ್ದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ ಹಾಗೆ.

ಕಿತ್ತು ಹಾಕುವುದೋ ಬಿಡುವುದೋ ಅಂತ ತುಂಬಾ ಮಾತಾಯಿತು. ಬೇಲಿಯಂಚಿನ ಹಳೆಯ ಪಟ್ಟಿಯಲ್ಲೂ ಅದೇ ಗಿಡ ಇತ್ತು, ಆದರೆ ಅಲ್ಲೊಂದು ಇಲ್ಲೊಂದು. ಅಂದರೆ ಅದು ಹೊರಗಿನದ್ದಲ್ಲ, ಈ ಜಾಗದ್ದೇ. ಕೊನೆಗೆ ಬಿಟ್ಟೆವು. ಮೂಲೆಯ ಅರ್ಧವನ್ನು ಕಾಯಿ ಕಟ್ಟುವ ಮೊದಲು ಹಸಿರಿರುವಾಗಲೇ ಕೊಯ್ದು ಸಾಗಿಸುವುದು, ಇನ್ನರ್ಧವನ್ನು ಮುಟ್ಟದೆ ನೋಡುವುದು ಅಂತ ತೀರ್ಮಾನವಾಯಿತು. ಕೊಯ್ದ ಅರ್ಧದಲ್ಲಿ ದ್ವಿದಳ ಗಿಡ ತೆಳುವಾಗಿದೆ. ಮುಟ್ಟದ ಅರ್ಧದಲ್ಲಿ ಅಂಚಿನಿಂದ ಹಾಸುಹುಲ್ಲು ಒಳಗೆ ಬರಲು ಶುರುವಾಗಿದೆ.

ಈಗಿನ ಸ್ಥಿತಿ

ಜಾಗದ ಕೆಳಗಿನ ಅರ್ಧದ ಬಹುಪಾಲು ಈಗ ಗುತ್ತಿಹುಲ್ಲಿನದು. ಗುತ್ತಿಗಳ ನಡುವೆ ಬರಿ ಮಣ್ಣು ಕಾಣುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಬಡಕಲು ನೆಲ ಅನಿಸಬಹುದು. ಆದರೆ ಸಣ್ಣ ಹೂಗಿಡಗಳು ಮೊಳೆಯುವುದು ಆ ಬರಿ ಮಣ್ಣಿನ ಸಂದಿನಲ್ಲೇ. ಒಂದು ಮೀಟರ್ ಚೌಕಟ್ಟು ಇಟ್ಟು ಎಣಿಸಿದರೆ ಹಾಸುಹುಲ್ಲಿನ ಕಡೆ ಮೂರೋ ನಾಲ್ಕೋ ಬಗೆಯ ಗಿಡ, ಇಲ್ಲಿ ಹನ್ನೆರಡರ ಮೇಲೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಪಾರ್ಕ್ ಗ್ರಾಸ್ ಪ್ರಯೋಗದಲ್ಲೂ ಅತಿ ಹೆಚ್ಚು ಬಗೆಯ ಗಿಡಗಳಿರುವುದು ಗೊಬ್ಬರವನ್ನೇ ಕಾಣದ ಮಡಿಗಳಲ್ಲಿ. ಅಮೋನಿಯಂ ಗೊಬ್ಬರ ಜಾಸ್ತಿ ಬಿದ್ದು ಹುಳಿಯಾದ ಮಡಿಗಳಲ್ಲಿ ಎರಡು ಮೂರು ಬಗೆ ಮಾತ್ರ ಉಳಿದಿವೆ. ಫಲವತ್ತತೆ ಅನ್ನುವ ಪದವನ್ನು ನಾವು ಯಾವಾಗಲೂ ಹೊಗಳಿಕೆಯಾಗಿ ಬಳಸುತ್ತೇವೆ. ಯಾವುದಕ್ಕೆ ಫಲವತ್ತು ಅಂತ ಕೇಳಿಕೊಳ್ಳುವುದು ಈ ಜಾಗದಲ್ಲಿ ನಾನು ಕಲಿತದ್ದು. ಒಡತಿಗೆ ಬೇಕಿದ್ದು ಮೇವು ಆಗಿದ್ದರೆ ಹಾಸುಹುಲ್ಲನ್ನು ಬೈಯುವ ಕಾರಣವೇ ಇರಲಿಲ್ಲ. ಆಗ ಕೊಯ್ದು ಸಾಗಿಸುವುದೇ ತಪ್ಪಾಗುತ್ತಿತ್ತು, ಸಾಗಿಸಿದಷ್ಟನ್ನು ಮರಳಿ ಕೊಡಬೇಕಾಗುತ್ತಿತ್ತು.

ಇಂಥದ್ದೇ ಜಾಗ ಹಿಡಿದು ಕೂತವರಿಗೆ ಒಂದು ಮಾತು. ಕೊಯ್ಲಿನ ದಿನವನ್ನು ಬೇರೆಯವರ ಅನುಭವ ನೋಡಿ ಗೊತ್ತು ಮಾಡಬೇಡಿ, ಈ ಬರಹ ನೋಡಿಯೂ ಬೇಡ. ನಿಮ್ಮ ಜಾಗದಲ್ಲಿ ನೀವು ಉಳಿಸಬೇಕೆಂದಿರುವ ಹುಲ್ಲು ಯಾವಾಗ ಏಳುತ್ತದೆ, ಯಾವಾಗ ಸಾರ ಇಳಿಸಿಕೊಳ್ಳುತ್ತದೆ ಅಂತ ಒಂದು ವರ್ಷ ನೋಡಿ ಬರೆದಿಡಿ. ಆ ಒಂದು ವರ್ಷ ನಾನು ಕಾಯದೆ ಹೋಗಿದ್ದಕ್ಕೆ ಇಳಿಜಾರಿನ ಗುತ್ತಿಗಳು ಎರಡು ವರ್ಷ ಹಿಂದೆ ಬಿದ್ದವು. ಕಡೇಪಕ್ಷ ಒಂದು ಪಟ್ಟೆಯನ್ನಾದರೂ ಬೇರೆ ದಿನ ಕೊಯ್ಯಲು ಬಿಡಿ. ನಮಗೆ ಮಳೆ ಬಿಟ್ಟುಕೊಟ್ಟ ಪಟ್ಟೆಯಿಂದ ಗೊತ್ತಾಗಿದ್ದು ನಿಮಗೆ ಬೇಕೆಂದೇ ಬಿಟ್ಟ ಪಟ್ಟೆಯಿಂದ ಗೊತ್ತಾಗಲಿ.

ಒಂದು ಮೂಲೆ ಮಾತ್ರ ಐದು ವರ್ಷದಲ್ಲಿ ಕದಲಲಿಲ್ಲ. ಅಲ್ಲೊಂದು ದೊಡ್ಡ ಮರ ಇದೆ. ಬೇಸಾಯದ ಕಾಲದಲ್ಲಿ ದನಗಳು ನೆರಳಿಗೆ, ರಾತ್ರಿ ಮಲಗಲು ಅಲ್ಲಿಗೇ ಬರುತ್ತಿದ್ದವಂತೆ. ದನ ತಿಂದ ಸಾರಜನಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಸಗಣಿ, ಗಂಜಳದಲ್ಲಿ ಹೊರಬರುತ್ತದೆ. ರಂಜಕ ಬಹುತೇಕ ಸಗಣಿಯಲ್ಲಿ. ಏಳೆಕರೆಯಲ್ಲಿ ಮೇದದ್ದನ್ನು ಅವು ವರ್ಷಗಟ್ಟಲೆ ಆ ಮರದಡಿಯಲ್ಲಿ ಸುರಿದಿದ್ದವು. ಎಷ್ಟು ಕೊಯ್ದರೂ ಅಲ್ಲಿ ಹಾಸುಹುಲ್ಲು ಕಪ್ಪು ಹಸಿರಾಗಿ ಮತ್ತೆ ಏಳುತ್ತದೆ. ಆ ಮೂಲೆಯನ್ನು ಹಾಗೇ ಬಿಡಲು ಒಡತಿ ನಿರ್ಧರಿಸಿದ್ದಾರೆ. ಅಂಚಿನಲ್ಲಿ ಮಾತ್ರ ಬೇಗ ಬೇಗ ಕೊಯ್ದು, ಬೀಜ ಆಚೆ ಹೋಗದ ಹಾಗೆ ನೋಡಿಕೊಳ್ಳುತ್ತಾರೆ.

ಈ ವರ್ಷದ ಮೊದಲ ಕೊಯ್ಲು ಮುಗಿದಿದೆ. ಎರಡನೆಯದಕ್ಕೆ ದಿನ ಗೊತ್ತು ಮಾಡಿಲ್ಲ. ಮೊನ್ನೆ ಅವರು ಇಳಿಜಾರಿನ ಒಂದು ಗುತ್ತಿ ಬಿಡಿಸಿ ಫೋಟೋ ಕಳಿಸಿದ್ದರು. ಎಲೆ ತುದಿಯಿಂದ ಒಣಗಿ ಬಂದಿತ್ತು, ಬುಡದ ಮೇಲೆ ಎರಡು ಬೆರಳು ಇನ್ನೂ ಹಸಿರಿತ್ತು. "ಈಗ ಕೊಯ್ಯಲಾ?" ಅಂತ ಕೇಳಿದರು. ಇನ್ನೊಂದೆರಡು ವಾರ ಬಿಡಿ ಅಂದೆ.